ಒಂದು ಗೆಣ್ಣಿನಷ್ಟು ಆಳ

ಮೇ ತಿಂಗಳ ರಜೆ ಮುಗಿದ ಮೊದಲ ಬುಧವಾರ ಚಿಹಾರು ಕುವಾಬಾರಾ ಬಟ್ಟೆ ಒಣಹಾಕಿ, ಅನ್ನದ ಪಾತ್ರೆಯನ್ನು ನೀರಲ್ಲಿ ನೆನೆಯಲು ಬಿಟ್ಟು, ರಬ್ಬರ್ ಬೂಟು ಮೆಟ್ಟಿಕೊಂಡು ಮಗಳ ಶಾಲೆಗೆ ಹೋದಳು. ಎರಡನೇ ತರಗತಿಯ ಮಕ್ಕಳು ಈ ವರ್ಷ ಟೊಮೆಟೊ, ಬದನೆ ಬೆಳೆಯುವ ಮಡಿಯನ್ನು ಅಗೆದು ಹದ ಮಾಡಬೇಕಿತ್ತು. ಬಿಡುವಿದ್ದ ತಾಯಂದಿರು ದಯವಿಟ್ಟು ಬರಬೇಕೆಂದು ಇಪ್ಪತ್ತೊಂಬತ್ತು ಮನೆಗೆ ಚೀಟಿ ಹೋಗಿತ್ತು. ಬಂದವರು ಮೂವರು. ನಾಲ್ಕನೆಯವಳು ಯಾರೂ ಕರೆಯದಿದ್ದರೂ ಪ್ರತಿವರ್ಷ ಬರುವ ಸೆತ್ಸು ಅಜ್ಜಿ. ಅವಳ ಮೊಮ್ಮಕ್ಕಳೆಲ್ಲ ಆ ಶಾಲೆ ಬಿಟ್ಟು ಹತ್ತು ವರ್ಷವಾಗಿತ್ತು. ಅವಳು ಮಾತ್ರ ಬಿಟ್ಟಿರಲಿಲ್ಲ.

"ಏನಮ್ಮಾ, ಗುದ್ದಲಿ ಹಿಡಿದಿರೋದು ನೋಡಿದ್ರೆ ನೆಂಟರಿಗೆ ಚಹಾ ಕೊಡೋಕೆ ಬಂದಂಗಿದೆಯಲ್ಲ," ಎಂದಳು ಅಜ್ಜಿ. "ಜೋರಾಗಿ ಹೊಡಿ. ಮಣ್ಣಿಗೆ ನೋವಾಗಲ್ಲ."

ಚಿಹಾರು ನಕ್ಕು, "ಕ್ಷಮಿಸಿ," ಎಂದಳು.

"ನನ್ನ ಹತ್ರ ಯಾಕೆ ಕ್ಷಮೆ ಕೇಳ್ತೀಯ? ಮಣ್ಣಿನ ಹತ್ರ ಕೇಳು."

ಚಿಹಾರುವಿನ ಸ್ವಭಾವವೇ ಹಾಗಿತ್ತು. ಗೋಡೆಗೆ ಹಣೆ ತಾಗಿದರೂ ಗೋಡೆಯ ಕ್ಷಮೆ ಕೇಳುತ್ತಾಳೆ ಎಂದು ಅವಳ ಗಂಡ ತಮಾಷೆ ಮಾಡುತ್ತಿದ್ದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ಅವನು ಕೇಳಿದ್ದು ಒಮ್ಮೆ ಮಾತ್ರ, ಅದೂ ಮೀನು ಕದ್ದ ಬೆಕ್ಕಿನ ಮೇಲೆ.

ಮಣ್ಣಿಗೆ ಬೆರೆಸಲು ಸುಣ್ಣದ ಪುಡಿ ಬೇಕೆಂದು ಅಜ್ಜಿ ಅವಳನ್ನು ಸಾಮಾನು ಕೊಟ್ಟಿಗೆಗೆ ಕಳಿಸಿದಳು. ಬಾಗಿಲ ಪಕ್ಕದಲ್ಲೇ ಸುಡಲು ಕಳಿಸುವ ಕಸದ ಚೀಲವೊಂದು ಬಾಯಿ ಕಟ್ಟಿಸಿಕೊಂಡು ಕೂತಿತ್ತು. ಊರಿನ ಕಸದ ಚೀಲಗಳೆಲ್ಲ ಒಳಗಿನದು ಹೊರಗೆ ಕಾಣುವಂಥವು. ಒಳಗೆ ಬಣ್ಣಬಣ್ಣದ ಕಾಗದ. ಗುಲಾಬಿ, ಹಳದಿ, ಹಸಿರು. ಸುಣ್ಣಕ್ಕೆ ಕೈ ಚಾಚಿದವಳು ಹಾಗೇ ನಿಂತಳು. ಚೀಲದ ಮಗ್ಗುಲಿಗೆ ಅಂಟಿಕೊಂಡಂತೆ ಒಂದು ನೀಲಿ ಪೊಟ್ಟಣವಿತ್ತು. ಸೊಟ್ಟಗೆ ಮಡಚಿದ್ದು, ಮೂರು ಕಡೆ ಅಂಟುಪಟ್ಟಿ ಸುತ್ತಿದ್ದು, ಮೇಲೆ ಮೀಸೆ ಒಂದೇ ಕಡೆ ಇರುವ ಬೆಕ್ಕಿನ ಚಿತ್ರ.

ಆ ಬೆಕ್ಕನ್ನು ಅವಳು ಚೆನ್ನಾಗಿ ಬಲ್ಲಳು. ಇನ್ನೊಂದು ಕಡೆಯ ಮೀಸೆ ಬರೆಯುವಷ್ಟರಲ್ಲಿ ಊಟಕ್ಕೆ ಕರೆದವಳು ಅವಳೇ.

ಆ ಶಾಲೆಯಲ್ಲಿ ಒಂದನೇ ತರಗತಿಗೆ ಬಂದ ಪ್ರತಿ ಮಗುವಿಗೂ ಒಂದು ನೀಲಿ ಕುಂಡ. ಕುಂಡದ ಮೇಲೆ ಹೆಸರು. ಅದರಲ್ಲಿ ಬೆಳಗಿನ ಜಾವ ಅರಳುವ ಬಳ್ಳಿಹೂವಿನ ಐದು ಬೀಜ. ಬೆಳಗ್ಗೆ ಚೀಲ ಇಳಿಸಿದ ಕೂಡಲೇ ಮಗು ಬಾಟಲಿಯಲ್ಲಿ ನೀರು ಹಿಡಿದು ಓಡಬೇಕು. ಎಲೆ ಬಂದರೆ ಎಣಿಸಬೇಕು, ಬಳ್ಳಿ ಹಬ್ಬಿದರೆ ಅಳೆಯಬೇಕು, ಕಂಡದ್ದನ್ನು ಕಾರ್ಡಿನಲ್ಲಿ ಚಿತ್ರ ಬರೆದು ಕೆಳಗೆ ಎರಡು ಸಾಲು ಬರೆಯಬೇಕು. ಶರತ್ಕಾಲದಲ್ಲಿ ಬೀಜ ಬಿಡಿಸಿಟ್ಟುಕೊಂಡು, ಮರುವರ್ಷ ಎರಡನೇ ತರಗತಿಗೆ ಹೋದ ಮೇಲೆ ಅದರಲ್ಲಿ ಐದನ್ನು ಹೊಸದಾಗಿ ಬಂದ ಒಂದನೇ ತರಗತಿಯ ಮಗುವಿಗೆ ಕೊಡಬೇಕು. ಚಿಹಾರುವೂ ಇದೇ ಶಾಲೆಯಲ್ಲಿ ಹೀಗೇ ಬೀಜ ಪಡೆದವಳು, ಹೀಗೇ ಕೊಟ್ಟವಳು.

ಅವಳ ಮಗಳು ಇತೊ ಮೂವತ್ತೆಂಟು ಬೀಜಗಳನ್ನು ಚಳಿಗಾಲವಿಡೀ ಜ್ಯಾಮ್ ಬಾಟಲಿಯಲ್ಲಿ ಕಾಪಾಡಿದ್ದಳು. ಏಪ್ರಿಲ್‌ನಲ್ಲಿ ಅವನ್ನೆಲ್ಲ ಹಾಸಿಗೆಯ ಮೇಲೆ ಸುರಿದು, ಮದುವೆಗೆ ಹೆಣ್ಣು ನೋಡುವವರ ಹಾಗೆ ತಿರುಗಿಸಿ ಮುರುಗಿಸಿ ಐದನ್ನು ಆರಿಸಿದ್ದಳು. ಜೊತೆಗೆ ಕಾಗದ. ಮೂರು ಸಲ ಹರಿದು, ನಾಲ್ಕನೆಯ ಸಲ ಬರೆದದ್ದು: "ರಿಂಕೊಗೆ. ಈ ಬೀಜದಿಂದ ನೀಲಿ ಹೂ ಬರುತ್ತೆ. ಅಂಚು ಬಿಳಿ. ಬಂದ ದಿನ ನನ್ನನ್ನ ಕರಿ. ನಾನು ಎರಡನೇ ತರಗತಿಯಲ್ಲಿ ಕಿಟಕಿ ಪಕ್ಕ ಇರ್ತೀನಿ." ಬೀಜ ಕೊಡುವ ದಿನ ರಿಂಕೊ ಎಂಬ ಆ ಪುಟ್ಟ ಹುಡುಗಿ ಎರಡೂ ಕೈ ಒಡ್ಡಿ ಪೊಟ್ಟಣ ತೆಗೆದುಕೊಂಡಿದ್ದಳು. ಬಿತ್ತುವ ದಿನದವರೆಗೆ ಜೋಪಾನವಾಗಿ ಇಟ್ಟಿರುತ್ತೇವೆಂದು ಟೀಚರ್ ಎಲ್ಲರ ಪೊಟ್ಟಣಗಳನ್ನೂ ಸಂಗ್ರಹಿಸಿದ್ದರು.

ಜೋಪಾನ ಎಂದರೆ ಇದು. ಬಿತ್ತನೆ ಶುಕ್ರವಾರ. ಅದನ್ನು ಒಯ್ಯುವ ಕಸದ ಗಾಡಿ ಬರುವುದು ಗುರುವಾರ.

ಚಿಹಾರು ಚೀಲವನ್ನು ಎತ್ತಿಕೊಂಡಳು. ಬಾಗಿಲಲ್ಲಿ ಬೂಟು ಕಳಚಿ, ಹೆಬ್ಬೆರಳ ಬಳಿ ತೂತಾದ ಕಾಲುಚೀಲದಲ್ಲೇ ಟೀಚರುಗಳ ಕೋಣೆಗೆ ನಡೆದಳು. ಬಾಗಿಲು ತಟ್ಟಿ "ಕೆಲಸದ ನಡುವೆ ತೊಂದರೆ ಕೊಡ್ತಿದೀನಿ," ಎಂದಳು. ಅಷ್ಟು ಕೋಪದಲ್ಲೂ ಆ ಮಾತು ತಾನಾಗಿ ಬಂದದ್ದು ಕೇಳಿ ಅವಳಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು.

ಒಂದನೇ ತರಗತಿಯ ನೆಗಿಶಿ ಟೀಚರ್ ಎದ್ದು ನಿಂತಳು. ಕಳೆದ ವರ್ಷ ಇತೊಗೂ ಅವಳೇ ಟೀಚರ್. ಇನ್ನೂ ಮೂವತ್ತು ದಾಟದ ಹುಡುಗಿ, ಸದಾ ಕೊರಳಲ್ಲಿ ಸೀಟಿ. ಚೀಲ ನೋಡಿದ್ದೇ ಅವಳ ಮುಖ ಸುಣ್ಣವಾಯಿತು.

"ಇದು ತಪ್ಪಿ ಕಸಕ್ಕೆ ಹೋಗಿದೆ ಅನ್ಸುತ್ತೆ," ಎಂದಳು ಚಿಹಾರು. ತಪ್ಪಿ ಹೋದದ್ದಲ್ಲ ಎಂದು ಗೊತ್ತಿದ್ದೂ ಅವಳಿಗೊಂದು ಬಾಗಿಲು ತೆರೆದಿಟ್ಟಳು.

ಆ ಬಾಗಿಲಿನಿಂದ ನೆಗಿಶಿ ಹೊರಗೆ ಹೋಗಲಿಲ್ಲ. "ಇಲ್ಲ," ಎಂದಳು ಸಣ್ಣಗೆ. "ಈ ವರ್ಷದಿಂದ ಕಂಪನಿ ಬೀಜ ಹಾಕ್ಸೋಣ ಅಂತ ತೀರ್ಮಾನ ಆಗಿದೆ. ಕುಂಡದ ಜೊತೆಗೇ ಬರುತ್ತಲ್ಲ, ಅದು. ಚೆನ್ನಾಗಿ ಮೊಳೆಯುತ್ತೆ."

"ಮಕ್ಕಳಿಗೆ ಹೇಳಿದೀರಾ?"

ಉತ್ತರ ಬಂದದ್ದು ಕಿಟಕಿಯ ಕಡೆಯಿಂದ. ಹೆಡ್‌ಮಾಸ್ಟರ್ ಒಕಿತ್ಸು ಚಹಾದ ಲೋಟ ಹಿಡಿದು ಬಂದರು. ಮೃದು ಮಾತಿನ ಮನುಷ್ಯ. ಎದುರಿಗಿದ್ದವರ ಮಾತು ಮುಗಿಯುವ ಮುಂಚೆಯೇ ಒಪ್ಪಿದಂತೆ ತಲೆಯಾಡಿಸುತ್ತಾರೆ, ಆಮೇಲೆ ಒಪ್ಪುವುದಿಲ್ಲ.

"ಕುವಾಬಾರಾ ಅವರೇ, ಅಣ್ಣಅಕ್ಕಂದಿರು ಕೊಟ್ಟ ಸಂತೋಷ ಚಿಕ್ಕೋರಿಗೆ ಸಿಕ್ಕಿತು. ಚಿಕ್ಕೋರಿಗೆ ಕೊಟ್ಟ ಸಂತೋಷ ದೊಡ್ಡೋರಿಗೆ ಸಿಕ್ಕಿತು. ಇನ್ನು ಕುಂಡದಲ್ಲಿ ಯಾವ ಬೀಜ ಇದ್ರೆ ಏನು? ಎಲ್ಲರ ಕುಂಡದಲ್ಲೂ ಮೊಳಕೆ ಬರಬೇಕು. ಒಂದು ಮಗುವೂ ಒಂಟಿ ಅನ್ನಿಸ್ಕೋಬಾರದು."

"ನನ್ನ ಮಗಳು ನೀಲಿ ಹೂ ಬರುತ್ತೆ ಅಂತ ಬರೆದು ಕೊಟ್ಟಿದಾಳೆ. ನಿಮ್ಮ ಬೀಜದಲ್ಲಿ ಯಾವ ಬಣ್ಣ?"

"ಅದು ಬೆರಕೆ. ಬಿಚ್ಚಿದಾಗ ನೋಡೋದೇ ಒಂದು ಖುಷಿ."

"ಕೆಂಪು ಬಂದ್ರೆ ಆ ಮಗು ನನ್ನ ಮಗಳನ್ನ ಏನಂದ್ಕೊಳ್ಳುತ್ತೆ?"

"ಮಕ್ಕಳು ಮರ್ತುಬಿಡ್ತಾರೆ ಬಿಡಿ."

ಅಲ್ಲಿಯವರೆಗೂ ಅವಳ ಸಿಟ್ಟು ಸಣ್ಣ ಉರಿಯ ಮೇಲಿನ ಹಾಲಿನಂತಿತ್ತು. ಈ ಮಾತಿಗೆ ಉಕ್ಕಿತು. ಮಕ್ಕಳು ಮರೆಯುತ್ತಾರಂತೆ. ಕಾಗದ ಬರೆಯಿರಿ ಎಂದವರು ಇವರು. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕು ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದವರು ಇವರು. ಕಂಡದ್ದನ್ನು ಕಂಡ ಹಾಗೇ ಬರೆಯಬೇಕು ಎಂದು ಏಳು ವರ್ಷದ ಮಕ್ಕಳ ಕೈಗೆ ಪೆನ್ಸಿಲು ಕೊಟ್ಟು, ಕಣ್ಣಿಗೆ ಮಣ್ಣೆರಚುವವರೂ ಇವರೇ.

"ಮೊದಲೆಲ್ಲ ಮಕ್ಕಳ ಬೀಜನೇ ಹಾಕ್ತಿದ್ರಲ್ಲ. ಈಗ ಏನಾಯ್ತು?" ಎಂದಳು.

ಒಕಿತ್ಸು ಲೋಟ ಕೆಳಗಿಟ್ಟರು. "ಕಳೆದ ವರ್ಷ ಒಂದು ಮನೆಯಿಂದ ಆಕ್ಷೇಪ ಬಂತು. ಒಂದು ಕುಂಡದಲ್ಲಿ ಮಾತ್ರ ಮೊಳೆಯಲಿಲ್ಲ ಅಂತ. ಆ ತಾಯಿ ತುಂಬಾ ನೊಂದಿದ್ರು."

ನೆಗಿಶಿ ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ ರೀತಿಯಿಂದ ಚಿಹಾರುವಿಗೆ ತಿಳಿಯಿತು.

ಆ ತಾಯಿ ತಾನೇ.

ಕಳೆದ ಮೇ ತಿಂಗಳಲ್ಲಿ ಹತ್ತು ದಿನವಾದರೂ ಇತೊವಿನ ಕುಂಡ ಬರಿದಾಗಿತ್ತು. ಮಗು ಊಟ ಬಿಡಲು ಶುರುಮಾಡಿತ್ತು. ದಿನವೂ ಮನೆಗೂ ಶಾಲೆಗೂ ಓಡಾಡುವ ಸಂದೇಶದ ಪುಸ್ತಕದಲ್ಲಿ ಚಿಹಾರು ಬರೆದದ್ದು ಇಷ್ಟೇ: "ಹಸಿರು ಚಿಗುರುವ ಈ ದಿನಗಳಲ್ಲಿ ತಾವು ಕೆಲಸದಲ್ಲಿ ಮುಳುಗಿರುತ್ತೀರಿ. ಇತೊವಿನ ಕುಂಡದಲ್ಲಿ ಇನ್ನೂ ಮೊಳಕೆ ಕಾಣುತ್ತಿಲ್ಲವಂತೆ, ಸ್ವಲ್ಪ ಸಪ್ಪಗಿದ್ದಾಳೆ. ಬಿಡುವಾದಾಗ ಒಮ್ಮೆ ನೋಡುವಿರಾದರೆ ಉಪಕಾರ." ಅಲ್ಲಿ ಕೋಪವಿರಲಿಲ್ಲ, ದೂರಿರಲಿಲ್ಲ. ಒಮ್ಮೆ ನೋಡಿ ಎಂದಿದ್ದಳು. ಆದರೆ ಇಂಥ ನಯದ ಸಾಲುಗಳೊಳಗೇ ಅಮ್ಮಂದಿರು ಚಾಕು ಇಟ್ಟಿರುತ್ತಾರೆಂದು ಟೀಚರುಗಳು ಅನುಭವದಿಂದ ಕಲಿತಿರುತ್ತಾರೆ. ಇವಳ ಸಾಲುಗಳಲ್ಲೂ ಅದನ್ನೇ ಹುಡುಕಿದ್ದರು. ಇಲ್ಲದ್ದು ಸಿಕ್ಕಿತ್ತು.

"ಹಾಗಾದ್ರೆ," ಎಂದಳು ಚಿಹಾರು. "ಮಾರನೇ ದಿನವೇ ಮೊಳಕೆ ಬಂತಲ್ಲ, ಅದು?"

ನೆಗಿಶಿ ಸೀಟಿಯ ದಾರ ಹಿಡಿದುಕೊಂಡಳು. "ಹೆಚ್ಚಿಗೆ ಅಂತ ನಾವು ಬೇರೆ ತಟ್ಟೆಯಲ್ಲಿ ಒಂದಿಷ್ಟು ಸಸಿ ಬೆಳೆಸಿರ್ತೀವಿ. ಅವತ್ತು ಮಕ್ಕಳು ಹೋದ್ಮೇಲೆ ಒಂದನ್ನ ತಂದು ನೆಟ್ಟೆ. ಕ್ಷಮಿಸಿ."

ಆ ದಿನ ಇತೊ ಮನೆಗೆ ಓಡಿ ಬಂದು ಮೆಟ್ಟಿಲ ಮೇಲೆ ಎಡವಿ ಮೊಣಕಾಲು ತರಚಿಕೊಂಡಿದ್ದಳು. ಬಂತು, ಬಂತು ಎಂದು ಕೂಗುತ್ತಲೇ ಅತ್ತಿದ್ದಳು. ಸಂಜೆ ಚಿಹಾರು ಕೆಂಪು ಹುರುಳಿ ಹಾಕಿ ಹಬ್ಬದ ಅನ್ನ ಮಾಡಿದ್ದಳು. ಒಂದು ಸುಳ್ಳಿಗೆ ಮಾಡಿದ ಹಬ್ಬ.

ಅವಳು ಚೀಲವನ್ನು ಎದೆಗೆ ಅವುಚಿಕೊಂಡು ತಿರುಗಿದಳು. "ಇದನ್ನ ಕಸಕ್ಕೆ ಹಾಕಲ್ಲ. ನಾಳೆ ಬರ್ತೀನಿ," ಎಂದಳು. ತೊಂದರೆ ಕೊಟ್ಟೆ, ಕ್ಷಮಿಸಿ ಎಂದು ಹೇಳಲಿಲ್ಲ. ಬೂಟಿನ ಬಳಿ ಬಂದಾಗ ಅದು ನೆನಪಾಯಿತು. ಹಿಂದಿರುಗಿ ಹೋಗಿ ಹೇಳಲೂ ಇಲ್ಲ.

ಸೆತ್ಸು ಅಜ್ಜಿ ಮಡಿಯ ಅಂಚಲ್ಲಿ ಕೂತು ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ಚಪ್ಪರಿಸುತ್ತಿದ್ದಳು. "ಸುಣ್ಣ ತರೋಕೆ ಕಳಿಸಿದ್ರೆ ಕಸ ತಂದೆಯಲ್ಲೇ ತಾಯಿ."

ಚಿಹಾರು ಎಲ್ಲವನ್ನೂ ಹೇಳಿದಳು. ಅಜ್ಜಿ ಬಾಯಲ್ಲಿದ್ದ ಹಣ್ಣಿನ ಬೀಜ ಉಗಿದಳು.

"ಮೊಳೆಯದ ಬೀಜ ನೋಡಿದ್ರೆ ಮಕ್ಕಳು ಸತ್ತು ಹೋಗ್ತಾರೆ ಅಂದ್ಕೊಂಡಿದಾರಾ ಇವರು? ನನ್ನ ಜನ್ಮದಲ್ಲಿ ಮೊಳೆತದ್ದಕ್ಕಿಂತ ಮೊಳೆಯದ್ದೇ ಜಾಸ್ತಿ ನೋಡಿದೀನಿ. ಗಟ್ಟಿಯಾಗೇ ಇದೀನಿ." ಆಮೇಲೆ ಚಿಹಾರುವನ್ನು ಓರೆಯಾಗಿ ನೋಡಿದಳು. "ಮಗಳಿಗೆ ಹೇಳ್ತೀಯಾ?"

ಚಿಹಾರು ಗುದ್ದಲಿ ಎತ್ತಿದಳು. ಈ ಸಲ ಅದು ಹಿಡಿಯವರೆಗೆ ಮಣ್ಣಿಗೆ ಇಳಿಯಿತು.

ಮನೆಗೆ ಬಂದು ಅಕ್ಕಿ ತೊಳೆದಳು. ಎಷ್ಟು ತಿಕ್ಕಿದಳೆಂದರೆ ನಾಲ್ಕನೆಯ ನೀರಿಗೂ ಕಾಳು ಮುರಿದು ಬಿಳಿ ಬರುತ್ತಿತ್ತು. ಹೇಳಬಾರದು ಎಂದು ಅವಳಲ್ಲಿದ್ದ ತಾಯಿ ಹೇಳುತ್ತಿದ್ದಳು. ಮಗು ಮೂವತ್ತೆಂಟು ಬೀಜಕ್ಕೂ ಹೆಸರಿಟ್ಟಿದೆ. ಇದನ್ನು ಯಾಕೆ ಒಡೆಯಬೇಕು? ಹಾಗೆ ಯೋಚಿಸುತ್ತಿರುವಾಗಲೇ ಅವಳಿಗೆ ಅದು ಯಾರ ಮಾತು ಎಂದು ಹೊಳೆಯಿತು. ಒಂದು ಮಗುವೂ ಒಂಟಿ ಅನ್ನಿಸಿಕೊಳ್ಳಬಾರದು. ಒಕಿತ್ಸು ಲೋಟ ಹಿಡಿದು ಅವಳ ಅಡಿಗೆಮನೆಯಲ್ಲೇ ನಿಂತಂತಾಯಿತು. ನಲ್ಲಿ ನಿಲ್ಲಿಸಿದಳು.

ಇತೊ ಬಂದು ಕೈ ತೊಳೆದು, ಅಕ್ಕಿಯ ರೊಟ್ಟಿ ಕಡಿಯುತ್ತಾ ಕೂತ ಮೇಲೆ ಚಿಹಾರು ಅವಳ ಎದುರು ಮಂಡಿಯೂರಿದಳು. ಸುತ್ತುಬಳಸದೆ ಹೇಳಿದಳು. ಕಳೆದ ವರ್ಷ ನೀನು ಹಾಕಿದ ಐದು ಬೀಜ ಮೊಳೆಯಲಿಲ್ಲ. ಟೀಚರ್ ಬೇರೆ ಸಸಿ ತಂದು ನೆಟ್ಟರು. ನಾನು ಬರೆದ ಚೀಟಿ ನೋಡಿ ನೆಟ್ಟರು. ನನಗೆ ಇವತ್ತು ಗೊತ್ತಾಯಿತು.

ಇತೊ ರೊಟ್ಟಿ ಕಡಿಯುವುದನ್ನು ನಿಲ್ಲಿಸಲಿಲ್ಲ. ಅಳಲೂ ಇಲ್ಲ. ಎದ್ದು ಹೋಗಿ, ಕಳೆದ ವರ್ಷ ದಾರ ಪೋಣಿಸಿ ಕಟ್ಟಿಕೊಟ್ಟ ಕಾರ್ಡುಗಳ ಕಟ್ಟು ತಂದಳು. ಎರಡನೆಯ ಕಾರ್ಡನ್ನು ತೆರೆದು ಅಮ್ಮನ ಮುಂದೆ ಇಟ್ಟಳು.

ದುಂಡನೆಯ ಕುಂಡದ ಚಿತ್ರ. ಅಂಚಿನ ಸುತ್ತ ಐದು ಚುಕ್ಕಿ. ಬೀಜ ಹಾಕಿದ ಜಾಗಗಳು. ನಟ್ಟನಡುವೆ ಎರಡು ಎಲೆಯ ಸಸಿ. ಕೆಳಗೆ ಎರಡು ಸಾಲು: "ನಾನು ಹಾಕದೆ ಇದ್ದ ಜಾಗದಲ್ಲಿ ಬಂತು. ನಿನ್ನೆ ಇರಲಿಲ್ಲ, ಇವತ್ತು ಎಲೆ ಎರಡೂ ಬಿಚ್ಚಿದೆ." ಅದರ ಮೇಲೆ ಟೀಚರಿನ ಕೆಂಪು ಹೂವಿನ ಮುದ್ರೆ. ತುಂಬಾ ಚೆನ್ನಾಗಿದೆ.

ಚಿಹಾರು ಈ ಕಾರ್ಡನ್ನು ನೋಡಿದ್ದಳು. ಮಾರ್ಚ್‌ನಲ್ಲಿ ಕಟ್ಟು ಮನೆಗೆ ಬಂದಾಗ ಎಲ್ಲವನ್ನೂ ತಿರುವಿ ಹಾಕಿ, ಎಷ್ಟು ಮುದ್ದಾಗಿ ಬರೆದಿದ್ದೀಯ ಎಂದಿದ್ದಳು. ಮುದ್ದಾಗಿದೆ ಎಂದು ನೋಡಿದ್ದಳು. ಓದಿರಲಿಲ್ಲ. ಟೀಚರ್ ಮುದ್ರೆ ಒತ್ತಿದ್ದಳು. ಅವಳೂ ಓದಿರಲಿಲ್ಲ. ಇಡೀ ಶಾಲೆಯಲ್ಲಿ, ಇಡೀ ಮನೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದವಳು ಇವಳೊಬ್ಬಳೇ.

"ನಿಂಗೆ ಅನುಮಾನ ಬರ್ಲಿಲ್ವಾ?"

"ಬೀಜ ಮಣ್ಣೊಳಗೆ ನಡ್ಕೊಂಡು ಹೋಗುತ್ತೆ ಅಂದ್ಕೊಂಡೆ. ಯಾರೂ ಕೇಳ್ಲಿಲ್ಲ." ಇತೊವಿನ ಹುಬ್ಬು ಈಗ ಗಂಟಿಕ್ಕಿತು. "ಅಮ್ಮಾ, ಹಾಗಾದ್ರೆ ನನ್ನ ಐದು ಎಲ್ಲಿಗೆ ಹೋದ್ವು?"

"ಕೊಳೆತಿರ್ಬೇಕು."

"ಇರ್ಬೇಕು ಅಂದ್ರೆ? ಯಾರು ನೋಡಿದ್ರು?"

ಚಿಹಾರು ಕಾರ್ಡಿನ ಐದು ಚುಕ್ಕಿಗಳನ್ನು ಮತ್ತೆ ಎಣಿಸಿದಳು.

"ನಾನು ಅಗೆದು ನೋಡ್ತೀನಿ ಅಂದೆ," ಎಂದಳು ಇತೊ. ಅವಳ ಕಿವಿ ಕೆಂಪಾಗಿತ್ತು. "ಅಗೀಬೇಡ, ಬೀಜಕ್ಕೆ ಬೇಜಾರಾಗುತ್ತೆ ಅಂದ್ರು ಟೀಚರ್. ಎಲ್ಲರೂ ಒಂದು ಗೆಣ್ಣಿನಷ್ಟು ಆಳ ತೂತು ಮಾಡಿದ್ರು. ನಾನು ಇಡೀ ಬೆರಳು ಹಾಕಿದ್ದೆ. ಬೀಜಕ್ಕೆ ಚಳಿ ಆಗಬಾರದು ಅಂತ. ಅದಕ್ಕೇ ಬರ್ಲಿಲ್ವೇನೋ. ಅಗೆದಿದ್ರೆ ಗೊತ್ತಾಗ್ತಿತ್ತು. ಈಗ ಯಾವತ್ತೂ ಗೊತ್ತಾಗಲ್ಲ."

ಹೂವು ಸುಳ್ಳಾಯಿತೆಂದು ಅವಳಿಗೆ ಸಿಟ್ಟಿರಲಿಲ್ಲ. ತಿಳಿಯಬಹುದಾಗಿದ್ದನ್ನು ತಿಳಿಯಗೊಡಲಿಲ್ಲವೆಂದು ಸಿಟ್ಟು. ಚಿಹಾರು ಆ ಕೆಂಪು ಕಿವಿಗಳನ್ನು ನೋಡುತ್ತಾ, ತನ್ನ ಸಿಟ್ಟು ಬಟ್ಟೆ ಒಗೆದ ನೀರು, ಇವಳದು ಬಾವಿಯ ನೀರು ಎಂದುಕೊಂಡಳು.

ಅನ್ನ ಬೇಯುವಷ್ಟರಲ್ಲಿ ಇತೊ ಹೊಸ ಕಾಗದ ಬರೆದು ಮುಗಿಸಿದ್ದಳು. "ರಿಂಕೊಗೆ. ಮೊದಲಿನ ಕಾಗದದಲ್ಲಿ ಒಂದು ತಪ್ಪಿದೆ. ಇವು ನನ್ನ ಬೀಜದ ಮಕ್ಕಳಲ್ಲ. ಟೀಚರ್ ನೆಟ್ಟ ಸಸಿಯ ಮಕ್ಕಳು. ಆದರೆ ನೀರು ಹಾಕಿದ್ದು ನಾನೇ. ನೀಲಿ ಅನ್ನೋದು ನಿಜ. ಒಂದೇ ಗೆಣ್ಣು ಹಾಕು."

ಗುರುವಾರ ಬೆಳಗ್ಗೆ ಚಿಹಾರು ಕಾರ್ಡಿನ ಕಟ್ಟು ಹಿಡಿದು ಹೆಡ್‌ಮಾಸ್ಟರ್ ಕೋಣೆಗೆ ಹೋದಳು. ನೆಗಿಶಿಯನ್ನೂ ಕರೆಸಿದರು. ಒಕಿತ್ಸು ಕಾರ್ಡು ನೋಡಿ, "ಒಳ್ಳೆ ಚಿತ್ರ," ಎಂದರು.

"ಚಿತ್ರ ಬಿಡಿ ಸಾರ್. ಬರೆದಿರೋದನ್ನ ಓದಿ."

ಅವರು ಓದಿದರು. ತಲೆಯಾಡಿಸುವುದು ನಿಂತಿತು. ಆದರೂ ಹೇಳಿದರು: "ನಿಮ್ಮ ಮಗಳು ಚುರುಕು. ಎಲ್ಲರೂ ಹಾಗಿರಲ್ಲ. ನಾಳೆ ಒಂದು ಕುಂಡ ಖಾಲಿ ಉಳಿದ್ರೆ, ಆ ಮನೆಯೋರು ಬಂದು ಕೇಳಿದ್ರೆ, ನಾನೇನು ಹೇಳ್ಲಿ?"

"ನನ್ನ ಮನೆಗೆ ಕಳಿಸಿ. ಕಳೆದ ವರ್ಷದ ಆ ತಾಯಿ ನಾನೇ ಅಂತ ಹೇಳಿ." ದನಿ ನಡುಗಿತು. ನಡುಗಲಿ ಎಂದು ಬಿಟ್ಟಳು. "ನೋಡಿ ಅಂತ ಬರೆದಿದ್ದೆ ನಾನು. ಮುಚ್ಚಿ ಅಂತ ಬರೆದಿರ್ಲಿಲ್ಲ. ನಿಮಗೆ ಹಾಗೆ ಕೇಳಿಸಿದ್ರೆ, ಹಸಿರು ಚಿಗುರು, ಉಪಕಾರ ಅಂತ ನಾನೇ ಸುತ್ತಿ ಸುತ್ತಿ ಬರೆದದ್ದೂ ತಪ್ಪು. ಇವತ್ತು ನೇರವಾಗಿ ಹೇಳ್ತೀನಿ. ಮಕ್ಕಳ ಕೈಗೆ ಅವರ ಬೀಜ ಕೊಡಿ. ಬಂದ್ರೆ ಬರ್ಲಿ. ಬರ್ದಿದ್ರೆ ಯಾಕೆ ಬರ್ಲಿಲ್ಲ ಅಂತ ಮಕ್ಕಳೇ ಅಗೆದು ನೋಡ್ಲಿ. ಅದನ್ನ ಕಲಿಸೋಕಲ್ವಾ ಕುಂಡ ಕೊಡೋದು?"

"ಕಂಪನಿ ಬೀಜ ಆಗ್ಲೇ ಹಂಚಿಟ್ಟಾಗಿದೆ," ಎಂದರು ಒಕಿತ್ಸು.

"ಅದನ್ನ ಗೇಟಿನ ಪಕ್ಕದ ಮಣ್ಣಿನ ಪಟ್ಟಿಯಲ್ಲಿ ಹಾಕ್ಸೋಣ ಸಾರ್." ಮಾತಾಡಿದ್ದು ನೆಗಿಶಿ. ಅವಳ ಕೈಯಲ್ಲಿ ಆ ಕಾರ್ಡಿತ್ತು. ಹೆಬ್ಬೆರಳು ಕೆಂಪು ಮುದ್ರೆಯ ಮೇಲಿತ್ತು, ಉಜ್ಜಿದರೆ ಹೋಗುತ್ತದೇನೋ ಎಂಬಂತೆ. "ನನ್ನ ತರಗತಿಯಲ್ಲಿ ಮಕ್ಕಳು ತಂದ ಬೀಜನೇ ಹಾಕಿಸ್ತೀನಿ. ಹೆಚ್ಚಿನ ಸಸಿ ತಟ್ಟೆ ಇಡಲ್ಲ. ಯಾರಾದ್ರೂ ಕೇಳಿದ್ರೆ ಕುವಾಬಾರಾ ಅವರ ಮನೆಗಲ್ಲ, ನನ್ನ ಹತ್ರ ಬರ್ಲಿ."

ಒಕಿತ್ಸು ಇಬ್ಬರನ್ನೂ ನೋಡಿದರು. ಕಿಟಕಿಯಾಚೆ ಸೆತ್ಸು ಅಜ್ಜಿ ಪೊರಕೆ ಹಿಡಿದು, ಇಲ್ಲದ ಎಲೆಗಳನ್ನು ಗುಡಿಸುತ್ತಾ ಅದೇ ಜಾಗದಲ್ಲಿ ಕಾಲು ಗಂಟೆಯಿಂದ ನಿಂತಿದ್ದಳು. "ಈ ವರ್ಷಕ್ಕೆ ಮಾತ್ರ," ಎಂದರು ಕೊನೆಗೆ. "ಮುಂದಿನ ವರ್ಷದ್ದು ಆಮೇಲೆ ಯೋಚಿಸೋಣ."

ಆಮೇಲೆ ಯೋಚಿಸೋಣ ಎಂದರೆ ಏನೆಂದು ಚಿಹಾರುವಿಗೆ ಗೊತ್ತಿತ್ತು. ಚೀಲವನ್ನು ಅವರ ಮೇಜಿನ ಮೇಲಿಡದೆ ನೆಗಿಶಿಯ ಕೈಗೇ ಕೊಟ್ಟಳು.

ಶುಕ್ರವಾರ ಮೂವತ್ತೊಂದು ಮಕ್ಕಳು ಬಿತ್ತಿದರು. ಎರಡು ವಾರದಲ್ಲಿ ಇಪ್ಪತ್ತೇಳು ಕುಂಡಗಳಲ್ಲಿ ಹಸಿರು ಎದ್ದಿತು. ನಾಲ್ಕು ಬರಿದಾಗಿ ಉಳಿದವು. ಅದರಲ್ಲೊಂದು ರಿಂಕೊವಿನದು.

ರಿಂಕೊವಿನ ತಾಯಿ ಹಿಬಿನೊ, ನೆಗಿಶಿ ಟೀಚರಿನ ಬಳಿಗೆ ಹೋಗಲಿಲ್ಲ. ಯಾರಿಂದಲೋ ತಿಳಿದು ಚಿಹಾರುವಿನ ಬಾಗಿಲಿಗೇ ಬಂದಳು. ಇಸ್ತ್ರಿಯ ನಡುವೆ ಚಿಹಾರು ಬಾಗಿಲು ತೆರೆದಳು. ಬಂದವಳ ಕೈಯಲ್ಲಿ ಸಿಹಿಯ ಪೊಟ್ಟಣವಿತ್ತು, ಮುಖದಲ್ಲಿ ಸಿಹಿ ಇರಲಿಲ್ಲ.

"ತಪ್ಪು ತಿಳೀಬೇಡಿ," ಎಂದು ಹಿಬಿನೊ ಶುರು ಮಾಡಿದಳು, "ನಿಮ್ಮಿಂದಲೇ ಬೀಜ ಬದಲಾಯ್ತಂತೆ. ಕಂಪನಿದು ಹಾಕಿದ್ರೆ ಬರ್ತಿತ್ತಂತೆ. ರಿಂಕೊ ನಿನ್ನೆ ಶಾಲೆಗೆ ಹೋಗಲ್ಲ ಅಂದ್ಲು. ನಿಮ್ಮ ಒಂದು ಹಟಕ್ಕೆ ನನ್ನ ಮಗು ಅಳಬೇಕಾ?"

ಮಾತು ನಾಟಿತು. ಆ ಕ್ಷಣಕ್ಕೆ ಚಿಹಾರುವಿಗೂ ಒಂದು ಸಸಿ ತಂದು ನೆಟ್ಟುಬಿಡೋಣ ಅನ್ನಿಸಿತು. ಎಷ್ಟು ಸುಲಭ, ಐದು ನಿಮಿಷದ ಕೆಲಸ. ಆ ಸುಲಭವನ್ನು ಅವಳು ಮೊದಲ ಸಲ ಒಳಗಿನಿಂದ ಕಂಡಳು.

"ನಾನೂ ಹೀಗೇ ನೊಂದಿದ್ದೆ," ಎಂದಳು. "ಬನ್ನಿ, ಹೋಗಿ ನೋಡೋಣ. ನೀವೂ ಬನ್ನಿ." ಇಸ್ತ್ರಿಯ ತಂತಿ ಕಿತ್ತು, ಚಪ್ಪಲಿ ಮೆಟ್ಟಿದಳು.

ಶಾಲೆ ಬಿಡುವ ಹೊತ್ತು. ಕುಂಡಗಳ ಸಾಲಿನ ಮುಂದೆ ಇತೊ ಮತ್ತು ರಿಂಕೊ ಆಗಲೇ ಕುಕ್ಕರಗಾಲಲ್ಲಿ ಕೂತಿದ್ದರು. ನೆಗಿಶಿ ಹಳೆಯ ಪೇಪರು ಹಾಸಿ, ಒಮ್ಮೆ ಬಳಸಿ ಬಿಸಾಡುವ ಊಟದ ಕಡ್ಡಿಗಳನ್ನು ಇಬ್ಬರಿಗೂ ಕೊಟ್ಟಿದ್ದಳು. ಸೆತ್ಸು ಅಜ್ಜಿಯೂ ಅಲ್ಲಿದ್ದಳು. ಅವಳಿಗೆ ಯಾರು ಹೇಳಿದರೋ.

"ನಿನ್ನ ಬೀಜ ಸುಳ್ಳು," ಎನ್ನುತ್ತಿದ್ದಳು ರಿಂಕೊ, ಕಣ್ಣು ಕೆಂಪು ಮಾಡಿಕೊಂಡು.

"ಸುಳ್ಳೋ ನಿಜಾನೋ ನೋಡೋಣ. ಮೊದಲು ಅಗಿ," ಎಂದಳು ಇತೊ. "ಎಷ್ಟು ಆಳ ಹಾಕಿದ್ದೆ?"

"ಒಂದೇ ಗೆಣ್ಣು. ನೀನು ಬರೆದಿದ್ದೆಯಲ್ಲ."

ಕಡ್ಡಿ ಮಣ್ಣು ಕೆದಕಿತು. ಮೊದಲನೆಯದು ಮುಟ್ಟಿದ ಕೂಡಲೇ ಮೆತ್ತಗೆ ಒಡೆಯಿತು. ರಿಂಕೊ ಮೂಸಿ, ಮುಖ ಕಿವುಚಿ, "ಥೂ, ನಾತ," ಎಂದಳು. ಮತ್ತೆ ಮೂಸಿದಳು. ಎರಡನೆಯದೂ ಹಾಗೇ. ಮೂರನೆಯದು ಸಿಗಲೇ ಇಲ್ಲ. ನಾಲ್ಕು, ಐದು ಪೇಪರಿನ ಮೇಲೆ ಟಕ್ಕೆಂದು ಬಿದ್ದವು. ಕರ್ರಗೆ, ಗಟ್ಟಿಯಾಗಿ, ಹಾಕಿದ ದಿನ ಇದ್ದಂತೆಯೇ.

ಇತೊ ಒಂದನ್ನು ಹಲ್ಲಿನಿಂದ ಕಚ್ಚಿ ನೋಡಿದಳು. "ಕಲ್ಲು ಇದ್ದಂಗಿದೆ. ಇದು ಸತ್ತಿಲ್ಲ. ನೀರೇ ಒಳಗೆ ಹೋಗಿಲ್ಲ."

"ಹೊದಿಕೆ ದಪ್ಪ ಕಣೇ ಅದಕ್ಕೆ," ಎಂದಳು ಸೆತ್ಸು ಅಜ್ಜಿ. "ಕೆಲವು ನಮ್ಮ ಚಿಹಾರು ಥರ, ಒಂದು ಗೀರು ಬೀಳೋವರೆಗೂ ಬಾಯಿ ಬಿಡಲ್ಲ. ಆ ಕಟ್ಟೆ ಮೇಲೆ ಬೀಜದ ಬೆನ್ನು ತಿಕ್ಕು. ಮೂತಿ ಇರೋ ಕಡೆ ಬೇಡ, ದುಂಡಗಿರೋ ಕಡೆ."

ಚಿಹಾರುವಿಗೆ ನಗು ಬಂತು. ಹಿಬಿನೊ ಸಿಹಿಯ ಪೊಟ್ಟಣವನ್ನು ಯಾರಿಗೂ ಕೊಡದೆ ಹಿಡಿದೇ ನಿಂತಿದ್ದಳು. ಮಗಳು ಸಿಮೆಂಟು ಕಟ್ಟೆಯ ಮೇಲೆ ನಾಲಿಗೆ ಹೊರಚಾಚಿ ಬೀಜ ತಿಕ್ಕುವುದನ್ನು ನೋಡುತ್ತಾ, ಒಮ್ಮೆ ಚಿಹಾರುವಿನ ಕಡೆ ತಿರುಗಿದಳು. ಸಿಟ್ಟು ಪೂರ್ತಿ ಇಳಿದಂತೆ ಕಾಣಲಿಲ್ಲ. ಆದರೆ ಲಂಗ ಮಡಚಿಕೊಂಡು ಮಗಳ ಪಕ್ಕ ಕೂತಳು.

"ಅಮ್ಮಾ, ಬಿಳಿ ಕಾಣಿಸ್ತು, ನೋಡು," ಎಂದಳು ರಿಂಕೊ.

ಎರಡು ಬೀಜಗಳನ್ನು ಮತ್ತೆ ಹಾಕಿದರು, ಒಂದು ಗೆಣ್ಣಿನಷ್ಟು ಆಳ. ಉಳಿದ ಮೂರು ಬರಿದಾದ ಕುಂಡಗಳನ್ನು ನಾಳೆ ಅವುಗಳ ಒಡೆಯರೇ ಅಗೆಯುತ್ತಾರೆ ಎಂದಳು ನೆಗಿಶಿ.

ರಿಂಕೊ ಮಂಡಿಯ ಮೇಲೆ ಕಾರ್ಡಿಟ್ಟುಕೊಂಡು ಬರೆದಳು. ಎಲೆಯಿಲ್ಲ, ಹೂವಿಲ್ಲ, ಐದು ಬೀಜಗಳ ಚಿತ್ರ, ಒಂದರ ಜಾಗದಲ್ಲಿ ಪ್ರಶ್ನೆಯ ಕೊಕ್ಕೆ. ಅಕ್ಷರ ಹೊಸದಾಗಿ ಕಲಿತವಳು, ಎರಡು ಸಾಲಿಗೆ ಬಹಳ ಹೊತ್ತು ಹಿಡಿಯಿತು. ನೆಗಿಶಿ ಜೇಬಿನಿಂದ ಕೆಂಪು ಮುದ್ರೆಯನ್ನು ತೆಗೆದಳು, ಕೈ ಅರ್ಧಕ್ಕೆ ನಿಂತಿತು. ಮುದ್ರೆಯನ್ನು ಜೇಬಿಗೆ ಹಾಕಿ, ಮಣ್ಣಿನ ಮೇಲೆ ಮಂಡಿಯೂರಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

"ಇಲ್ಲಿ, ಮೂರನೇದು ಇಲ್ಲ ಅಂತ ಬರೆದಿದೀಯಲ್ಲ," ಎಂದಳು. "ಎಲ್ಲಿ ಹೋಗಿರ್ಬಹುದು?"

"ಗೊತ್ತಿಲ್ಲ," ಎಂದಳು ರಿಂಕೊ.

"ನಂಗೂ ಗೊತ್ತಿಲ್ಲ."

ಇತೊ ಕಡ್ಡಿ ಎತ್ತಿಕೊಂಡಳು. "ಇನ್ನೊಂದ್ಸಲ ಹುಡುಕೋಣ," ಎಂದಳು.